ಚಕ್ರಕ್ಕೊಂದು ಕಲ್ಲು

ಕನ್ನಡ ಮೇಷ್ಟರಿಗೆ ಕಾರು ಯಾಕೆ ಎಂದು ಕೇಳುವವರು ಈಗ ಕಡಮೆಯಾಗಿದ್ದಾರೆ. ಕನ್ನಡ ಮೇಷ್ಟರ ಕೈಯಲ್ಲಿ ಸ್ಪ್ಯಾನರು ಯಾಕೆ ಎಂದು ಕೇಳುವವರು ಮಾತ್ರ ಇನ್ನೂ ಇದ್ದಾರೆ. ಅವರಲ್ಲಿ ಮೊದಲಿಗಳು ನನ್ನ ಹೆಂಡತಿ. ಕಳೆದ ದಸರಾ ರಜೆಯಲ್ಲಿ, ದುರ್ಗಾಷ್ಟಮಿಯ ಬೆಳಗ್ಗೆ, ನಾನು ಹಳೆಯ ಪಂಚೆಯನ್ನು ಮೇಲೆತ್ತಿ ಕಟ್ಟಿಕೊಂಡು ಕಾರಿನ ಹಿಂದಿನ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತದ್ದನ್ನು ನೋಡಿ ಅವಳು, "ಆಯುಧಪೂಜೆ ನಾಳೆ ಅಲ್ಲವೇ? ಇವತ್ತೇ ಯಾಕೆ ಕೈಮುಗೀತಾ ಇದ್ದೀರಿ?" ಎಂದಳು. ನಾನು ಕೈಮುಗಿಯುತ್ತಿರಲಿಲ್ಲ, ಚಕ್ರದ ನಟ್ಟನ್ನು ಸಡಿಲಿಸಲು ಎರಡೂ ಕೈ ಹಾಕಿ ಹೆಣಗುತ್ತಿದ್ದೆ. ದೂರದಿಂದ ನೋಡುವವರಿಗೆ ಎರಡೂ ಒಂದೇ ಭಂಗಿ ಎಂಬುದು ಆಗ ತಿಳಿಯಿತು.

ವಿಷಯ ಇಷ್ಟು. ನಮ್ಮದು ಮೂರು ವರ್ಷ ಬೇರೆಯವರ ಮನೆಯಲ್ಲಿ ಬಾಳಿ, ಎರಡು ವರ್ಷದ ಹಿಂದೆ ನಮ್ಮ ಮನೆಗೆ ಬಂದ ಕಾರು. ಭಾದ್ರಪದದ ನಡುವಿನಿಂದ ಅದು, ಬ್ರೇಕು ತುಳಿದಾಗಲೆಲ್ಲ, ಹಿಂದುಗಡೆಯಿಂದ ಕೀಂ ಎಂದು ಕೂಗತೊಡಗಿತು. ಮೊದಮೊದಲು ನಾನು ಅದನ್ನು ಪಕ್ಕದ ಗಾಡಿಯ ಲೆಕ್ಕಕ್ಕೆ ಬರೆದೆ. ಮೈಸೂರಿನ ರಸ್ತೆಗಳಲ್ಲಿ ಯಾವ ಶಬ್ದ ಯಾರದೆಂದು ನಿರ್ಣಯಿಸುವುದು ಶಬ್ದಶಾಸ್ತ್ರ ಓದಿದವನಿಗೂ ಸುಲಭವಲ್ಲ. ಒಂದು ಸಂಜೆ ಕಾಲೇಜಿನಿಂದ ಬಂದು ಗೇಟಿನೊಳಗೆ ಕಾರು ನಿಲ್ಲಿಸಿದಾಗ, ಜಗಲಿಯಲ್ಲಿ ಪತ್ರಿಕೆ ಓದುತ್ತ ಕೂತಿದ್ದ ಅಪ್ಪ ತಲೆ ಎತ್ತದೆಯೇ, "ಹಿಂದಿನ ಪ್ಯಾಡು ಮುಗಿದಿದೆ" ಎಂದರು. ಎಂದು, ಹಾಳೆ ತಿರುವಿದರು.

ಆ ಮೂರು ಮಾತಿಗೆ ನಾನು ಕಾರಿನ ಬಾಗಿಲನ್ನು ಹಿಡಿದುಕೊಂಡೇ ಎರಡು ನಿಮಿಷ ನಿಂತುಬಿಟ್ಟೆ. ಕಾರಣ, ಕಾರಿನ ವಿಷಯವಾಗಿ ಅಪ್ಪ ಬಾಯಿ ತೆರೆದದ್ದು ಹದಿನಾಲ್ಕು ತಿಂಗಳಲ್ಲಿ ಅದೇ ಮೊದಲು.

ಅಪ್ಪ ಸಾರಿಗೆ ಸಂಸ್ಥೆಯಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿದವರು. ಅದರಲ್ಲಿ ಬಹುಪಾಲು ಚಿಕ್ಕಮಗಳೂರಿನಿಂದ ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಘಾಟಿ ಇಳಿದು ಉಜಿರೆ, ಧರ್ಮಸ್ಥಳಕ್ಕೆ ಹೋಗುವ ದಾರಿ. ಆಷಾಢದ ಮಳೆಯಲ್ಲಿ, ಎದುರಿನ ಬಸ್ಸಿನ ದೀಪ ಹತ್ತು ಮಾರು ದೂರಕ್ಕೆ ಬರುವವರೆಗೂ ಕಾಣದ ಮಂಜಿನಲ್ಲಿ, ಐವತ್ತು ಜನರನ್ನು ಇಳಿಸಿ ಮತ್ತೆ ಹತ್ತಿಸಿದವರು. ಒಬ್ಬರಿಗೂ ಒಂದು ಗೀರು ಗಾಯ ಆಗಲಿಲ್ಲ. ಅವರ ಸಂಬಳದಲ್ಲಿಯೇ ನಾನು ಎಂ.ಎ. ಓದಿದೆ. ಈಗ ಅವರಿಗೆ ಎಪ್ಪತ್ತಾರು. ಕಳೆದ ವರ್ಷದ ಶ್ರಾವಣದಲ್ಲಿ ಒಂದು ದಿನ ತರಕಾರಿಗೆಂದು ಕಾರನ್ನು ಹಿಂದಕ್ಕೆ ತೆಗೆಯುವಾಗ, ಬೀದಿಯಲ್ಲಿ ಸೈಕಲಿನ ಮೇಲೆ ಬರುತ್ತಿದ್ದ ಹುಡುಗಿಯನ್ನು ಅವರು ನೋಡಿದ್ದು ಒಂದು ಕ್ಷಣ ತಡವಾಗಿ. ಬ್ರೇಕು ಹಿಡಿಯಿತು; ಕಾರಿಗೂ ಸೈಕಲಿಗೂ ನಡುವೆ ಒಂದು ಗೇಣು ಉಳಿಯಿತು. ಹುಡುಗಿ ಗಾಬರಿಯಲ್ಲಿ ಬಿದ್ದು ಮಂಡಿ ತರಚಿಕೊಂಡಳು. ಅಪ್ಪನೇ ಎತ್ತಿ, ಗಾಯ ತೊಳೆದು, ಮನೆಯವರೆಗೂ ಬಿಟ್ಟು ಬಂದರು. ಮಾರನೆಯ ಬೆಳಗ್ಗೆ ಬೀಗದಕೈ ಬಾಗಿಲ ಪಕ್ಕದ ಮೊಳೆಯಲ್ಲಿ ಇರಲಿಲ್ಲ. ಅದನ್ನು ತೆಗೆದು ನನ್ನ ಬೀರುವಿನಲ್ಲಿ ಇಟ್ಟವನು ನಾನು. ಅಪ್ಪ ಖಾಲಿ ಮೊಳೆಯನ್ನು ಒಮ್ಮೆ ನೋಡಿದರು, ಒಳಗೆ ಹೋದರು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಮಾಡಿದ್ದು ಸರಿ ಎಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಆದರೆ ಸರಿಯಾದುದನ್ನು ಮಾಡಿದವನಿಗೆ ಬರಬೇಕಾದ ನೆಮ್ಮದಿ ಮಾತ್ರ ಬರಲಿಲ್ಲ.

ಇರಲಿ, ಬ್ರೇಕಿಗೆ ಬರೋಣ. ಪ್ಯಾಡಿನ ಅಂಚಿನಲ್ಲಿ ತೆಳ್ಳನೆಯ ತಗಡಿನ ಒಂದು ನಾಲಗೆ ಇರುತ್ತದೆ. ಹೊಸದರಲ್ಲಿ ಒಂದು ಸೆಂಟಿಮೀಟರಿನಷ್ಟು ದಪ್ಪವಿರುವ ಪ್ಯಾಡು ಸವೆದು ಸವೆದು ಎರಡು ಮೂರು ಮಿಲಿಮೀಟರಿಗೆ ಬಂದಾಗ ಆ ನಾಲಗೆ ತಿರುಗುವ ಡಿಸ್ಕಿಗೆ ತಗುಲಿ ಕೂಗಿಕೊಳ್ಳುತ್ತದೆ. 'ಇನ್ನು ನನ್ನನ್ನು ನಂಬಬೇಡ' ಎಂದು ತಾನೇ ಬಾಯಿಬಿಟ್ಟು ಹೇಳುವ ವಸ್ತುಗಳು ಲೋಕದಲ್ಲಿ ಅಪರೂಪ. ಮನುಷ್ಯರಲ್ಲಂತೂ ನಾನು ಕಂಡಿಲ್ಲ.

ವಿಜಯದಶಮಿ ಕಳೆದ ಗುರುವಾರ ಧರ್ಮಸ್ಥಳಕ್ಕೆ ಹೋಗುವುದೆಂದು ಅಮ್ಮ ಹರಕೆ ಹೊತ್ತಿದ್ದರು. ಕಾರು ಕಂಪನಿಯ ಸರ್ವೀಸು ಕೇಂದ್ರಕ್ಕೆ ಫೋನು ಮಾಡಿದರೆ, ಹಬ್ಬದ ಸಂದಣಿ, ಅದಾದ ಮೇಲಿನ ವಾರ ಬನ್ನಿ ಎಂದರು. ಹೇಳಿದ ಮೊತ್ತವೂ ನಾನು ಪುಸ್ತಕದಂಗಡಿಯಲ್ಲಿ ಒಂದು ವರ್ಷದಲ್ಲಿ ಖರ್ಚುಮಾಡುವ ಹಣಕ್ಕೆ ಸಮನಾಗಿತ್ತು. ನಮ್ಮ ಬೀದಿಯ ಕೊನೆಯ ಗ್ಯಾರೇಜಿಗೆ ಹೋದೆ. ಮೇಸ್ತ್ರಿ ಕಾರಿನೊಳಗೆ ಬಗ್ಗಿ ನೋಡಿ, ಹಿಂದೆ ಸರಿದು, "ಮುಂದಿನದಾದರೆ ಈಗಲೇ ಮಾಡಿಕೊಡ್ತೀನಿ ಸಾರ್. ಹಿಂದಿನದು ಗುಂಡಿ ಬ್ರೇಕು. ನನ್ನ ಹತ್ರ ಇದರ ಸ್ಕ್ಯಾನರು ಇಲ್ಲ. ಹಾಗೇ ಮುಟ್ಟಿದರೆ ಮೋಟಾರು ಹೋಗುತ್ತೆ" ಎಂದ. ಬೇಡ ಎನ್ನುವಾಗಲೂ ಕಾರಣ ಕೊಟ್ಟು ಬೇಡವೆನ್ನುವ ಕಸುಬುದಾರನನ್ನು ಕಂಡರೆ ನನಗೆ ಗೌರವ.

ಗುಂಡಿ ಬ್ರೇಕೆಂದರೇನು ಎಂದು ವಾಚಕರಲ್ಲಿ ಕೆಲವರಾದರೂ ಕೇಳಬಹುದು. ಹಿಂದೆ ಎರಡು ಸೀಟುಗಳ ನಡುವೆ ಒಂದು ಕೈಹಿಡಿ ಇರುತ್ತಿತ್ತು. ಅದನ್ನು ಕರಕರ ಎನ್ನಿಸಿ ಮೇಲೆತ್ತಿದರೆ ಕಾರು ನಿಂತಲ್ಲಿ ನಿಲ್ಲುತ್ತಿತ್ತು. ಆ ಹಿಡಿಯಿಂದ ಹಿಂದಿನ ಚಕ್ರದವರೆಗೆ ಒಂದು ಉಕ್ಕಿನ ತಂತಿ. ನಮ್ಮ ಕೈಯ ಬಲವೇ ಅಲ್ಲಿಗೆ ಮುಟ್ಟುತ್ತಿತ್ತು. ೨೦೦೧ರ ಸುಮಾರಿಗೆ ಯೂರೋಪಿನ ದುಬಾರಿ ಕಾರುಗಳಲ್ಲಿ ಆ ಹಿಡಿ ಮಾಯವಾಗಿ ಒಂದು ಗುಂಡಿ ಬಂತು. ಈಗ ನಮ್ಮಂಥವರ ಕಾರಿಗೂ ಇಳಿದು ಬಂದಿದೆ. ಹಿಂದಿನ ಪ್ರತಿಯೊಂದು ಚಕ್ರದ ಕ್ಯಾಲಿಪರಿನ ಬೆನ್ನಿಗೆ, ಅಂದರೆ ಡಿಸ್ಕನ್ನು ಇಕ್ಕಳದಂತೆ ಹಿಡಿಯುವ ಆ ಕಬ್ಬಿಣದ ಮುಷ್ಟಿಯ ಬೆನ್ನಿಗೆ, ಒಂದು ಪುಟ್ಟ ವಿದ್ಯುತ್ ಮೋಟಾರು. ಗುಂಡಿ ಒತ್ತಿದರೆ ಅದು ಗುಂಯ್ ಎಂದು ತಿರುಗಿ, ಹಲ್ಲುಚಕ್ರಗಳ ಮೂಲಕ ಒಂದು ತಿರುಪನ್ನು ತಿರುಗಿಸುತ್ತದೆ. ತಿರುಪು ಒಳಗಿನ ಪಿಸ್ಟನ್ನನ್ನು ಮುಂದಕ್ಕೆ ನೂಕುತ್ತದೆ. ಪಿಸ್ಟನ್ನು ಪ್ಯಾಡನ್ನು ಡಿಸ್ಕಿಗೆ ಅಮುಕುತ್ತದೆ. ಇದರಲ್ಲಿ ಒಂದು ಸೊಗಸಿದೆ. ಬಿಗಿಯುವುದಕ್ಕೆ ವಿದ್ಯುತ್ತು ಬೇಕು, ಬಿಡುವುದಕ್ಕೆ ಬೇಕು. ಹಿಡಿದುಕೊಂಡೇ ಇರುವುದಕ್ಕೆ ಬೇಡ. ತಿರುಪಿನ ಸುತ್ತುಗಳೇ ಹಿಡಿದುಕೊಳ್ಳುತ್ತವೆ. ಬ್ಯಾಟರಿ ಸತ್ತರೂ ಹಿಡಿತ ಬಿಡುವುದಿಲ್ಲ.

ಅದೇ ತೊಡಕು ಕೂಡ. ಹೊಸ ಪ್ಯಾಡು ದಪ್ಪ. ಅದಕ್ಕೆ ಜಾಗವಾಗಬೇಕಾದರೆ ಪಿಸ್ಟನ್ನು ಒಳಕ್ಕೆ ಹೋಗಬೇಕು. ಒಳಗೆ ತಿರುಪು ಅಡ್ಡ ನಿಂತಿರುತ್ತದೆ. ಮೋಟಾರನ್ನು ಮೊದಲು ಹಿಂದಕ್ಕೆ ಸರಿಸದೆ ಮೇಲಿನಿಂದ ಬಲ ಹಾಕಿದರೆ ತಿರುಪೋ ಹಲ್ಲುಚಕ್ರವೋ ಮುರಿಯುತ್ತದೆ. ಹಿಂದಕ್ಕೆ ಸರಿಯೆಂದು ಅದಕ್ಕೆ ಆಜ್ಞೆ ಕೊಡುವುದಕ್ಕೇ ಮೇಸ್ತ್ರಿ ಹೇಳಿದ ಸ್ಕ್ಯಾನರು ಬೇಕಾದದ್ದು.

ನಮ್ಮ ವ್ಯಾಕರಣದಲ್ಲಿ ಇದಕ್ಕೆ ಒಪ್ಪುವ ಮಾತೊಂದಿದೆ. ಮಳೆ, ಕಾಲ ಎರಡೂ ಸೇರಿದಾಗ ಕಕಾರ ಎದ್ದುಹೋಗಿ ಅದರ ಜಾಗದಲ್ಲಿ ಗಕಾರ ಬಂದು ಕೂರುತ್ತದೆ, ಮಳೆಗಾಲವಾಗುತ್ತದೆ. ಒಂದು ಹೋದ ಜಾಗಕ್ಕೆ ಇನ್ನೊಂದು ಬರುವ ಇದನ್ನು ಆದೇಶವೆನ್ನುತ್ತೇವೆ. ಆದೇಶವೆಂದರೆ ಅಪ್ಪಣೆ ಎಂದೂ ಅರ್ಥವಿದೆಯಷ್ಟೆ. ಇಪ್ಪತ್ತು ವರ್ಷ ಇದನ್ನು ಪಾಠ ಹೇಳಿದ ನನಗೆ, ಎರಡು ಅರ್ಥಗಳೂ ಒಂದೇ ಕಡೆ ಕೂಡುವ ಸ್ಥಳ ಕಾರಿನ ಹಿಂದಿನ ಚಕ್ರ ಎಂಬುದು ಹೊಳೆದಿರಲಿಲ್ಲ.

ನಾನೇ ಮಾಡುತ್ತೇನೆ ಎಂಬ ಧೈರ್ಯ ಬಂದದ್ದು ಮಗಳಿಂದ. ಅವಳು ಎರಡನೆಯ ಪಿ.ಯು.ಸಿ. ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ಸಾಧನವನ್ನು ತರಿಸಿ, "ಸ್ಟಿಯರಿಂಗಿನ ಕೆಳಗೆ ಇದನ್ನ ಸಿಕ್ಕಿಸಿದರೆ ಫೋನಿನಿಂದಲೇ ಹೇಳಬಹುದು ಅಪ್ಪಾ. ನಮ್ಮ ಕಾರಿಗೆ ಆಗುತ್ತೆ, ನೋಡಿದ್ದೀನಿ" ಎಂದಳು. ಪ್ಯಾಡು ನಾನು ತಂದೆ. ಕಾರಿನ ದುರಸ್ತಿಯ ಕೈಪಿಡಿಯನ್ನು ಹಳಗನ್ನಡ ಕಾವ್ಯವನ್ನು ಓದುವ ರೀತಿಯಲ್ಲೇ, ಪದ ಬಿಡಿಸಿ ಅನ್ವಯಿಸಿಕೊಂಡು, ಮೂರು ರಾತ್ರಿ ಓದಿದೆ. ಮೇಸ್ತ್ರಿ ಕಬ್ಬಿಣದ ಎರಡು ಸ್ಟ್ಯಾಂಡುಗಳನ್ನು ಕಡವಾಗಿ ಕೊಟ್ಟು, "ಜಾಕಿನ ಮೇಲೆ ಮಾತ್ರ ನಿಲ್ಲಿಸಿ ಕೈ ಹಾಕಬೇಡಿ ಸಾರ್, ಜಾಕು ಎತ್ತೋದಕ್ಕೆ, ಹೊರೋದಕ್ಕಲ್ಲ" ಎಂದ.

ಮನೆಯಲ್ಲಿ ಬ್ರೇಕು ರಿಪೇರಿ ಮಾಡಿದ ಮೊದಲಿಗನೇನೂ ನಾನಲ್ಲ. ೧೮೮೮ರ ಆಗಸ್ಟಿನಲ್ಲಿ ಜರ್ಮನಿಯ ಬೆರ್ತಾ ಬೆಂಜ್ ಎಂಬ ಗೃಹಿಣಿ, ಗಂಡ ಕಾರ್ಲ್ ಬೆಂಜ್ ಕಟ್ಟಿದ್ದ ಮೂರು ಚಕ್ರದ ಮೋಟಾರು ಗಾಡಿಯನ್ನು ಅವನಿಗೆ ತಿಳಿಸದೆ ತೆಗೆದುಕೊಂಡು, ಇಬ್ಬರು ಗಂಡುಮಕ್ಕಳೊಡನೆ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತೌರುಮನೆಗೆ ಹೊರಟುಬಿಟ್ಟಳು. ನೂರು ಕಿಲೋಮೀಟರಿಗೂ ಮೇಲ್ಪಟ್ಟ ದಾರಿ. ಇಳಿಜಾರುಗಳಲ್ಲಿ ಮರದ ಬ್ರೇಕು ಸವೆಯಿತು. ಆಕೆ ದಾರಿಯ ಹಳ್ಳಿಯೊಂದರಲ್ಲಿ ಪಾದರಕ್ಷೆ ಹೊಲಿಯುವವನನ್ನು ಹಿಡಿದು, ಬ್ರೇಕಿನ ಮರಕ್ಕೆ ತೊಗಲು ಹೊಡೆಸಿಕೊಂಡು ಮುಂದೆ ಹೋದಳು. ಇಂದಿನ ಪ್ಯಾಡಿನ ಮೂಲಪುರುಷ ಆ ತೊಗಲಿನ ತುಂಡು. ತೌರಿಗೆ ಹೊರಟ ಹೆಂಗಸನ್ನು ಸವೆದ ಬ್ರೇಕು ತಡೆಯಲಾರದು ಎಂಬುದಕ್ಕೆ ಇದಕ್ಕಿಂತ ಹಳೆಯ ನಿದರ್ಶನ ಬೇಕಿಲ್ಲ.

ಆದರೂ ಅಷ್ಟಮಿಯ ಬೆಳಗ್ಗೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ತರಗತಿಯಲ್ಲಿ ನಾನು ಒಂದು ಪದ್ಯಕ್ಕೆ ತಪ್ಪು ಅರ್ಥ ಹೇಳಿದರೆ ಯಾರ ಪ್ರಾಣವೂ ಹೋಗುವುದಿಲ್ಲ. ಮಾರನೆಯ ದಿನ, 'ನಿನ್ನೆ ಹೇಳಿದ್ದನ್ನು ಹೀಗೆ ತಿದ್ದಿಕೊಳ್ಳಿ' ಎನ್ನಬಹುದು. ಹಿಂದಿನ ಬೆಂಚಿನವರು ತಿದ್ದಿಕೊಳ್ಳುವುದೂ ಇಲ್ಲ, ಬರೆದುಕೊಂಡಿದ್ದರೆ ತಾನೇ! ಬ್ರೇಕಿನಲ್ಲಿ ತಿದ್ದುಪಡಿಗೆ ನಾಳೆ ಇಲ್ಲ. ಈ ಎರಡು ಚಕ್ರಕ್ಕೆ ನಾನು ಕೈ ಹಾಕಿದ ಮೇಲೆ, ಅದರ ಮೇಲೆ ನನ್ನ ತಾಯಿ, ತಂದೆ, ಹೆಂಡತಿ, ಮಗಳು ಕೂತು ಚಾರ್ಮಾಡಿ ಇಳಿಯುತ್ತಾರೆ.

ನಟ್ಟುಗಳನ್ನು ಸಡಿಲಿಸಿದೆ. ಜಾಕು ಕೊಟ್ಟು ಎತ್ತತೊಡಗಿದೆ. ಜಗಲಿಯಲ್ಲಿ ಪತ್ರಿಕೆ ಮಡಿಸಿದ ಸದ್ದಾಯಿತು. ಅಪ್ಪ ಇಳಿದು ಬಂದು ಹಿತ್ತಿಲಿನ ಕಡೆ ಹೋದರು. ಒಡೆದ ಒಗೆಯುವ ಕಲ್ಲಿನ ಎರಡು ತುಂಡು ಅಲ್ಲಿ ಬಿದ್ದಿದ್ದವು. ಒಂದೊಂದಾಗಿ ಎತ್ತಿಕೊಂಡು ಬಂದರು.

"ಮುಂದಿನ ಚಕ್ರಕ್ಕೆ ಕಲ್ಲು ಕೊಡಲಿಲ್ಲವಲ್ಲೋ?"

"ಒಂದನೇ ಗೇರಿನಲ್ಲಿ ಹಾಕಿದ್ದೀನಪ್ಪ. ಗುಂಡಿಯೂ ಇದೆ."

"ಗುಂಡಿ ಹಿಡಿಯೋದು ಯಾವ ಚಕ್ರಾನ?"

"ಹಿಂದಿನದನ್ನ."

"ಹಿಂದಿನ ಚಕ್ರ ನೀನು ಗಾಳೀಲಿ ಎತ್ತಿದೀಯ. ಅದರ ಬ್ರೇಕನ್ನೂ ಬಿಚ್ಚೋನು ನೀನೇ. ಗೇರು ಒಂದು ಎದ್ದರೆ ಕಾರು ಇನ್ನು ಯಾರ ಮಾತು ಕೇಳಬೇಕು?"

ಮೂರು ರಾತ್ರಿ ಓದಿದ ಕೈಪಿಡಿಯಲ್ಲೂ ಚಕ್ರಕ್ಕೆ ತಡೆ ಕೊಡಬೇಕೆಂದು ಬರೆದಿತ್ತು. ಅದನ್ನು ನಾನು ಪೀಠಿಕೆಯೆಂದು ಭಾವಿಸಿ ದಾಟಿಸಿದ್ದೆ. ಅಪ್ಪ ಎರಡೂ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಪಾದದಿಂದ ಒದ್ದು ಬಿಗಿಮಾಡಿದರು. ಅನಂತರ ಜಗಲಿಗೆ ಹಿಂದಿರುಗಲಿಲ್ಲ. ಒಳಗಿನಿಂದ ತಮ್ಮ ತಗಡಿನ ಪೆಟ್ಟಿಗೆಯನ್ನು ತರಿಸಿದರು. ಆ ಪೆಟ್ಟಿಗೆ ಪ್ರತಿ ಆಯುಧಪೂಜೆಗೂ ಹೊರಗೆ ಬಂದು ಕುಂಕುಮ ಹಚ್ಚಿಸಿಕೊಂಡು ಒಳಗೆ ಹೋಗುವುದಷ್ಟೇ ವಾಡಿಕೆ. ತೆರೆದು ಹದಿನಾರು ವರ್ಷವಾಗಿತ್ತು. ಒಳಗಿನ ಸ್ಪ್ಯಾನರುಗಳಿಗೆ ಎಣ್ಣೆ ಸವರಿ ಬಟ್ಟೆ ಸುತ್ತಿದ್ದರು. ಒಂದಕ್ಕೂ ತುಕ್ಕು ಹಿಡಿದಿರಲಿಲ್ಲ.

ಅಲ್ಲಿಂದ ಮುಂದೆ ಯಾರು ಮೇಷ್ಟರು, ಯಾರು ಶಿಷ್ಯ ಎಂಬುದರಲ್ಲಿ ಸಂದೇಹ ಉಳಿಯಲಿಲ್ಲ. ಚಕ್ರ ಕಳಚಿತು. ಕ್ಯಾಲಿಪರಿನ ಎರಡು ಬೋಲ್ಟು ಬಿಚ್ಚಿದೆವು. ಬಿಚ್ಚಿದ ಕ್ಯಾಲಿಪರನ್ನು ನಾನು ಕೈಬಿಡುವುದರಲ್ಲಿದ್ದೆ. ಅಪ್ಪ ತಟ್ಟನೆ ಹಿಡಿದರು. ಅದು ಬ್ರೇಕ್ ಆಯಿಲಿನ ರಬ್ಬರು ಕೊಳವೆಯ ಮೇಲೆ ಜೋತುಬಿದ್ದರೆ ಕೊಳವೆ ಒಳಗೊಳಗೇ ಬಿರಿಯುತ್ತದಂತೆ. ಹೊರಗೆ ಕಾಣುವುದಿಲ್ಲ, ಘಾಟಿಯಲ್ಲಿ ಕಾಣುತ್ತದೆ. ತಂತಿಯಿಂದ ಮೇಲಕ್ಕೆ ಕಟ್ಟಿದೆವು. ಹಳೆಯ ಪ್ಯಾಡು ಕೈಗೆ ಬಂತು. ಮಗ್ಗಿ ಪುಸ್ತಕದ ರಟ್ಟಿನಷ್ಟು ದಪ್ಪ ಉಳಿದಿರಲಿಲ್ಲ. ಅಪ್ಪ ಧೂಳನ್ನು ಬಾಯಿಂದ ಊದಲು ಹೊರಟರು. ಆಗ ಮಾತ್ರ ನಾನು ತಡೆದೆ. ಅವರ ಕಾಲದ ಬ್ರೇಕಿನ ಪಟ್ಟಿಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ಬಿಡದು. ಡಿಪೋದಲ್ಲಿ ಎಲ್ಲರೂ ಊದುತ್ತಿದ್ದರು ಎಂದು ಅಪ್ಪ ಹೇಳಿದರು. ಹೇಳಿ, ಯಾರನ್ನೋ ನೆನೆಸಿಕೊಂಡವರಂತೆ ಸ್ವಲ್ಪ ಸುಮ್ಮನಾದರು. ಬ್ರೇಕಿಗೆಂದೇ ಮಾರುವ ದ್ರವವನ್ನು ಚಿಮ್ಮಿಸಿ, ಬಟ್ಟೆಯಿಂದ ಒರಸಿದೆವು.

ಈಗ ಪಿಸ್ಟನ್ನು ಒಳಗೆ ಹೋಗಬೇಕು. ಅಪ್ಪ ತಮ್ಮ ಪೆಟ್ಟಿಗೆಯಿಂದ ಒಂದು ಸಿ ಕ್ಲಾಂಪನ್ನು ತೆಗೆದು, ಹಳೆಯ ಪ್ಯಾಡನ್ನು ಪಿಸ್ಟನ್ನಿನ ಮುಖಕ್ಕೆ ಆನಿಸಿ, ತಿರುಗಿಸತೊಡಗಿದರು. ಬಸ್ಸಿನ ಮೇಲೂ ಲಾರಿಯ ಮೇಲೂ ನಡೆದ ಕೈ. ಕೂದಲೆಳೆಯಷ್ಟು ಸರಿದು ನಿಂತಿತು. ಅಪ್ಪ ಕ್ಲಾಂಪಿನ ಹಿಡಿಗೆ ಒಂದು ಕೊಳವೆ ಸಿಕ್ಕಿಸಿ ಉದ್ದ ಮಾಡಿಕೊಂಡರು. ಮೊದಲು ಆದೇಶ ಕೊಡಬೇಕೆಂಬುದು ಕೈಪಿಡಿಯ ಮೊದಲನೆಯ ಪಾಠ. ನನಗೆ ಅದು ಬಾಯಿಪಾಠವಾಗಿತ್ತು. ನಾನು ಬಾಯಿ ತೆರೆಯಲಿಲ್ಲ. ಹದಿನಾಲ್ಕು ತಿಂಗಳ ಮೇಲೆ ಅವರ ಕೈಗೆ ಒಂದು ಕೆಲಸ ಬಂದಿತ್ತು. ಅದನ್ನೂ 'ಬೇಡ' ಎಂದು ಕಸಿಯುವುದು ಹೇಗೆ? ಮೋಟಾರು ಹೋದರೆ ಹೋಗಲಿ ಎಂದು ಕೂಡ ಒಂದು ಗಳಿಗೆ ಅಂದುಕೊಂಡೆ.

ಅಷ್ಟರಲ್ಲಿ ಮಗಳು ಕಾಫಿಯ ಲೋಟ ಹಿಡಿದು, ಕಣ್ಣುಜ್ಜಿಕೊಳ್ಳುತ್ತ ಹೊರಗೆ ಬಂದಳು. ಅವಳಿಗೆ ನಮ್ಮ ಸಂಕೋಚವೊಂದೂ ತಿಳಿಯದು.

"ತಾತ, ತಡಿ ತಡಿ! ಅದಕ್ಕೆ ಮೊದಲು ಹೇಳಬೇಕು."

"ಯಾರಿಗೆ?"

"ಬ್ರೇಕಿಗೆ. ಹೇಳದೆ ತಳ್ಳಿದರೆ ಮುರಿದುಹೋಗುತ್ತೆ."

ಅಪ್ಪ ಕೈ ತೆಗೆದರು. ಮಗಳು ಕಾರಿನೊಳಗೆ ಕೂತು, ಸಾಧನ ಸಿಕ್ಕಿಸಿ, ಫೋನಿನಲ್ಲಿ ಏನೇನೋ ಒತ್ತಿದಳು. ಗುಂಯ್ ಎಂಬ ಸದ್ದು ಕ್ಯಾಲಿಪರಿನ ಬೆನ್ನಿನಿಂದ ಹೊರಟು, ಎರಡು ಮೂರು ಸೆಕೆಂಡು ನಡೆದು, ನಿಂತಿತು. ಒಳಗೆ ಅಡ್ಡವಿದ್ದ ತಿರುಪು ತಾನಾಗಿಯೇ ಹಿಂದಕ್ಕೆ ಹೋಗಿತ್ತು. ಅಪ್ಪ ಕೊಳವೆಯನ್ನು ಕಳಚಿಟ್ಟು ಕ್ಲಾಂಪನ್ನು ಬೆರಳ ತುದಿಯಿಂದ ತಿರುಗಿಸಿದರು. ಪಿಸ್ಟನ್ನು ಬೆಣ್ಣೆಯೊಳಗೆ ಹೋದಂತೆ ಹೋಯಿತು.

"ಹೇಳಿ ಕೇಳಿ ಮಾಡಿದರೆ ಎಷ್ಟು ಸಲೀಸು, ನೋಡು" ಎಂದರು.

ಅವರು ಯಾರಿಗೆ ಹೇಳಿದರೋ ನನಗೆ ಗೊತ್ತಿಲ್ಲ. ಮೊಮ್ಮಗಳಿಗೇ ಇರಬಹುದು. ಆದರೆ ನನ್ನ ಕೈಯಲ್ಲಿದ್ದ ಬೋಲ್ಟು ಇದ್ದಕ್ಕಿದ್ದಂತೆ ತೂಕವಾಯಿತು. ಮಗಳು ಒಳಗೆ ಹೋಗುವವರೆಗೆ ಕಾದು ಹೇಳಿದೆ:

"ಅಪ್ಪ, ಅವತ್ತು ಬೀಗದಕೈ... ನಿಮಗೆ ಹೇಳಿ ತೆಗೀಬೇಕಾಗಿತ್ತು."

ಅವರು ಕ್ಯಾಲಿಪರಿನಿಂದ ಕಣ್ಣು ಕೀಳಲಿಲ್ಲ. "ಹೇಳಿದ್ದರೆ ನಾನೇ ಕೊಡ್ತಿದ್ದೆ ಕಣೋ. ಆ ಮಗು ಬಿದ್ದ ರಾತ್ರಿ ನಾನೂ ಮಲಗಲಿಲ್ಲ. ಬೆಳಗ್ಗೆ ಎದ್ದು ನಿನ್ನ ಕೈಗೆ ಕೊಡೋಣ ಅಂತಲೇ ಮೊಳೆ ಹತ್ತಿರ ಹೋದದ್ದು." ಸ್ವಲ್ಪ ತಡೆದು, "ಆ ಬೋಲ್ಟು ಕೊಡು" ಎಂದರು.

ಇಷ್ಟೇ ನಡೆದದ್ದು. ಹದಿನಾಲ್ಕು ತಿಂಗಳು ನಾನು ಅವರ ಮೌನವನ್ನು ಕೋಪವೆಂದು ಓದಿದ್ದೆ. ಕೊಡಬೇಕೆಂದು ಬಂದವನ ಮುಂದೆ ಕೊಡುವ ವಸ್ತುವೇ ಇಲ್ಲದಂತೆ ಮಾಡಿದ್ದೆ ಎಂಬ ಅರ್ಥ ಯಾವ ಟೀಕೆಯಲ್ಲೂ ನನಗೆ ಸಿಕ್ಕಿರಲಿಲ್ಲ.

ಉಳಿದ ಕೆಲಸ ಸಲೀಸಾಗಿ ನಡೆಯಿತು. ಪ್ಯಾಡನ್ನು ಒಂದೇ ಕಡೆ ಬದಲಾಯಿಸುವಂತಿಲ್ಲ. ಬದಲಾಯಿಸಿದರೆ ಕಾರು ಒಂದು ಮಗ್ಗುಲಿಗೆ ಎಳೆಯುತ್ತದೆ. ಆದ್ದರಿಂದ ಇನ್ನೊಂದು ಚಕ್ರಕ್ಕೂ ಇದೇ ಪೂಜೆ. ಕ್ಯಾಲಿಪರು ಜಾರುವ ಪಿನ್ನುಗಳಿಗೆ ಗ್ರೀಸು ಹಚ್ಚಿದೆವು. ಪ್ಯಾಡಿನ ಮುಖಕ್ಕೆ ತಗುಲದಂತೆ ಅಪ್ಪ ಕಣ್ಣಿಟ್ಟಿದ್ದರು. ಪಿಸ್ಟನ್ನು ಒಳಗೆ ಹೋದಂತೆಲ್ಲ ಬಾನೆಟ್ಟಿನ ಕೆಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲು ಮೇಲೇರುತ್ತದೆ. ಚೆಲ್ಲಿದರೆ ಬಣ್ಣ ತಿನ್ನುತ್ತದೆ. ಅದನ್ನು ಕಾಯುವ ಕೆಲಸ ನನ್ನ ಹೆಂಡತಿಗೆ ಬಂತು. ಹಾಲು ಉಕ್ಕದಂತೆ ಕಾಯುವ ಅನುಭವ ಅವಳಿಗೆ ಇಪ್ಪತ್ತು ವರ್ಷದ್ದು. ಒಂದು ತೊಟ್ಟೂ ಚೆಲ್ಲಲಿಲ್ಲ.

ಚಕ್ರದ ನಟ್ಟುಗಳನ್ನು ಅಪ್ಪ ಕೈಯಳತೆಯಲ್ಲೇ ಬಿಗಿದರು. ಆಮೇಲೆ ಮಗಳು, ಬೇಕಾದ ಬಿಗಿ ಬಂದಾಗ ಟಕ್ ಎನ್ನುವ ಟಾರ್ಕ್ ರೆಂಚು ಹಿಡಿದು ಪರೀಕ್ಷೆಗೆ ನಿಂತಳು. ಒಂದು ಚಕ್ರದ ಐದು ನಟ್ಟುಗಳಲ್ಲಿ ಮೂರು ಅಲುಗದೆ ಟಕ್ ಎಂದವು. ಎರಡು ಮಾತ್ರ ಕಾಲು ಸುತ್ತಿನಷ್ಟು ಬೇಡಿದವು. "ಆ ಎರಡು ವಯಸ್ಸಿನ ಲೆಕ್ಕಕ್ಕೆ ಹಾಕು" ಎಂದರು ಅಪ್ಪ.

ಮೋಟಾರನ್ನು ಮತ್ತೆ ಕೆಲಸಕ್ಕೆ ಕರೆಯುವ ಮುನ್ನ ಒಂದು ಕೆಲಸವಿದೆ. ಪಿಸ್ಟನ್ನು ಹಿಂದೆ ಸರಿದಿರುವುದರಿಂದ ಮೊದಲ ಕೆಲವು ಸಲ ಬ್ರೇಕಿನ ಪೆಡಲು ನೆಲದವರೆಗೂ ಹೋಗಿಬಿಡುತ್ತದೆ. ಇದನ್ನು ಮರೆತು ಹಾಗೇ ಕಾರು ಹೊರಡಿಸಿದವರು ಎದುರಿನ ಗೋಡೆಯಲ್ಲಿ ನಿಂತಿದ್ದಾರೆ. ನಿಂತಲ್ಲೇ, ಪೆಡಲು ಗಟ್ಟಿಯಾಗುವವರೆಗೆ, ನಿಧಾನವಾಗಿ ಮತ್ತೆ ಮತ್ತೆ ತುಳಿಯಬೇಕು. ನಾನು ಬೀಗದಕೈಯನ್ನು ಅಪ್ಪನ ಕೈಗೆ ಕೊಟ್ಟು, "ನೀವು ತುಳೀರಿ. ಗಟ್ಟಿಯಾಯಿತೋ ಇಲ್ಲವೋ ನನ್ನ ಕಾಲಿಗೆ ತಿಳಿಯೋದಿಲ್ಲ" ಎಂದೆ. ಉಪಚಾರದ ಮಾತಲ್ಲ, ನಿಜ. ಅಪ್ಪ ಒಳಗೆ ಕೂತರು. ಸೀಟನ್ನು ತಮ್ಮ ಕಾಲಿಗೆ ಸರಿಹೊಂದಿಸಿಕೊಂಡರು. ಕನ್ನಡಿಯನ್ನೂ ಸರಿಮಾಡಿಕೊಂಡರು, ನಿಂತ ಕಾರಿನಲ್ಲಿ ಕನ್ನಡಿ ಯಾಕೆಂದು ಯಾರೂ ಕೇಳಲಿಲ್ಲ. ಒಂದು, ಎರಡು, ಮೂರು... ಏಳನೆಯದಕ್ಕೆ, "ಬಂತು" ಎಂದರು. ಅನಂತರ ಮಗಳು ಆದೇಶ ಕೊಟ್ಟಳು. ಗುಂಯ್ ಎಂದು ಎರಡೂ ಚಕ್ರ ಬಿಗಿಯಾದವು. ಅಪ್ಪ ಇಳಿದು ಬಂದು ಬೀಗದಕೈಯನ್ನು ನನ್ನ ಕೈಯಲ್ಲಿ ಇಟ್ಟರು. ಕೊಡಬೇಕೆಂದು ಹೊರಟದ್ದನ್ನು ಕೊನೆಗೂ ಕೊಟ್ಟರು.

ಮಾರನೆಯ ದಿನ ಮಹಾನವಮಿ. ಬೆಳಕು ಹರಿಯುವ ಮುಂಚೆ ರಿಂಗ್ ರಸ್ತೆಗೆ ಹೋಗಿ, ವೇಗ ಏರಿಸಿ ಮೆಲ್ಲಗೆ ಇಳಿಸಿ, ಹತ್ತು ಹನ್ನೆರಡು ಸಲ ಬ್ರೇಕು ಹಿಡಿದೆವು. ಹೊಸ ಪ್ಯಾಡಿಗೂ ಡಿಸ್ಕಿಗೂ ಹೀಗೆ ಪರಿಚಯವಾಗಬೇಕಂತೆ. ಮೊದಲ ದಿನವೇ ಗಟ್ಟಿಯಾಗಿ ಒತ್ತಬಾರದು. ಹಿಂದಿರುಗಿದ ಮೇಲೆ ಪೂಜೆ. ನನ್ನ ಪುಸ್ತಕಗಳು, ಮಗಳ ಆ ಬೆಂಕಿಪೊಟ್ಟಣ, ಅಪ್ಪನ ಪೆಟ್ಟಿಗೆ ಎಲ್ಲಕ್ಕೂ ಕುಂಕುಮ ಬಿತ್ತು. ಅಮ್ಮ ಆ ಎರಡು ಕಲ್ಲಿನ ತುಂಡುಗಳನ್ನೂ ತೊಳೆದು ಸಾಲಿನಲ್ಲಿ ಇಟ್ಟಿದ್ದರು. "ಅದೂ ಆಯುಧವೇನಮ್ಮ?" ಎಂದೆ. "ನಿನ್ನೆ ಕಾರು ಹಿಡಿದದ್ದು ಯಾವುದೋ ಅದು" ಎಂದರು.

ಗುರುವಾರ ಹಾಸನ, ಬೇಲೂರು, ಮೂಡಿಗೆರೆಯ ಮೇಲೆ ಹೊರಟೆವು. ಕೊಟ್ಟಿಗೆಹಾರದಲ್ಲಿ ತಿಂಡಿಯಾಯಿತು. ಘಾಟಿ ಇಳಿಯತೊಡಗಿದಾಗ ಪಕ್ಕದ ಸೀಟಿನಲ್ಲಿ ಅಪ್ಪ ಒಂದೇ ಮಾತು ಹೇಳಿದರು: "ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಬ್ರೇಕಿನ ಮೇಲೇ ಕೂತರೆ ಅದು ಕಾದು ಕೈಬಿಡುತ್ತೆ." ಆಮೇಲೆ ಮಾತಿಲ್ಲ. ಆದರೆ ಪ್ರತಿ ತಿರುವಿನಲ್ಲೂ ಅವರ ಬಲಗಾಲು ನೆಲದ ಚಾಪೆಯನ್ನು ಒತ್ತುತ್ತಿತ್ತು. ನನ್ನ ಕಾಲು ಪೆಡಲಿಗೆ ಹೋಗುವುದಕ್ಕೆ ಒಂದು ಅರೆಕ್ಷಣ ಮುಂಚೆ ಅವರ ಕಾಲು ಚಾಪೆಗೆ ಹೋಗುತ್ತಿತ್ತು. ನಾಲ್ಕಾರು ತಿರುವಾದ ಮೇಲೆ ನಾನು ಆ ಕಾಲನ್ನೇ ನಂಬಿಕೊಂಡು ಇಳಿದೆ. ಬ್ರೇಕು ಒಮ್ಮೆಯೂ ಕೂಗಲಿಲ್ಲ.

ನಡುವೆ ಅಗಲವಾದೊಂದು ಜಾಗದಲ್ಲಿ, ಕಣಿವೆ ನೋಡಬೇಕೆಂದು ಮಗಳು ನಿಲ್ಲಿಸಿದಳು. ಗುಂಡಿ ಒತ್ತಿದೆ. ಕೆಂಪು ದೀಪ ಹೊತ್ತಿತು. ಎಲ್ಲರೂ ಇಳಿದರು. ಅಪ್ಪ ಇಳಿದು ಸುತ್ತ ನೆಲ ನೋಡುತ್ತಿದ್ದರು. ಏನು ಹುಡುಕುತ್ತಿದ್ದಾರೆಂದು ನನಗೆ ಗೊತ್ತಿತ್ತು. ಡಿಕ್ಕಿ ತೆರೆದು, ಕುಂಕುಮ ಇನ್ನೂ ಆರದ ಕಲ್ಲೊಂದನ್ನು ತೆಗೆದು ಮುಂದಿನ ಚಕ್ರಕ್ಕೆ ಕೊಟ್ಟೆ. ಅಪ್ಪ ಬಂದು ನೋಡಿ, ಪಾದದಿಂದ ಒಂದು ಸಲ ಒಳಕ್ಕೆ ಒದ್ದರು. ಮಂಜು ಎದ್ದು ಕಣಿವೆ ಕಾಣುವವರೆಗೆ ಅಲ್ಲಿದ್ದೆವು. ಕಾರು ಅಲುಗಲಿಲ್ಲ. ಗುಂಡಿಯಿಂದಲೋ ಕಲ್ಲಿನಿಂದಲೋ ಎಂದು ವಾಚಕರು ಕೇಳಬಾರದು.

ಹೊರಡುವಾಗ ಒಂದು ತಪ್ಪಾಯಿತು. ಈ ಗುಂಡಿ ಬ್ರೇಕು, ಸೀಟಿನ ಬೆಲ್ಟು ಹಾಕಿ ಗಾಡಿ ಮುಂದೆ ಬಿಟ್ಟರೆ, ತಾನೇ ತಿಳಿದುಕೊಂಡು ಹಿಡಿತ ಬಿಡುತ್ತದೆ. ಅದೇ ಅಭ್ಯಾಸದಲ್ಲಿ ಬಿಟ್ಟೆ. ಕಾರು ಮುಗ್ಗರಿಸಿ ಗಕ್ಕನೆ ನಿಂತಿತು. ಕಲ್ಲು ಇದ್ದಲ್ಲೇ ಇತ್ತು.

ಅಪ್ಪ ಬಾಯಿ ತುಂಬ ನಕ್ಕರು. "ಅದನ್ನೂ ಹೇಳಿ ಕೇಳಿ ತೆಗೀಬೇಕು ಕಣೋ" ಎಂದರು.